ಹಳೇ ಮನೆಗಳ ಕಥೆ – ಭಾಗ 4: ಫೋಟೋ ನೋಡಿ ರಿಪೇರಿ ಮಾಡಿದ ಮನೆ

ಹಳೇ ಮನೆ ರಿಪೇರಿ ಅಂದ ಕೂಡಲೇ ಹೊಸದಾಗಿ ಏನು ಹಾಕ್ಸೋಣ ಅಂತ ಲೆಕ್ಕ ಶುರುವಾಗತ್ತೆ. ಅಮೆರಿಕದ ಪಾಮ್ ಸ್ಪ್ರಿಂಗ್ಸ್‌ನಲ್ಲಿ ಒಂದು ಮನೆಗೆ ಇದರ ಉಲ್ಟಾ ಆಯ್ತು.

1946ರಲ್ಲಿ ವಾಸ್ತುಶಿಲ್ಪಿ ರಿಚರ್ಡ್ ನ್ಯೂಟ್ರಾ ಅಲ್ಲಿನ ಮರುಭೂಮಿಯಲ್ಲಿ ಎಡ್ಗರ್ ಕಾಫ್‌ಮನ್ ಎಂಬ ವ್ಯಾಪಾರಿಗಾಗಿ ಕಟ್ಟಿಸಿದ ಮನೆ ಇದು. ಗಾಜು, ಉಕ್ಕು, ಮರಳುಗಲ್ಲು, ಚಪ್ಪಟೆ ಚಾವಣಿ. ಗಾಜಿನ ಗೋಡೆ ಸರಿಸಿದ್ರೆ ಹಜಾರ, ಅಂಗಳ ಎರಡೂ ಒಂದೇ. 1947ರಲ್ಲಿ ಜೂಲಿಯಸ್ ಶುಲ್ಮನ್ ಮುಸ್ಸಂಜೆಯಲ್ಲಿ ತೆಗೆದ ಫೋಟೋದಿಂದ ಇದು ಜಗತ್ತಿಗೇ ಗೊತ್ತಾಯ್ತು.

1955ರಲ್ಲಿ ಕಾಫ್‌ಮನ್ ತೀರಿಕೊಂಡರು. ಮನೆ ಕೈಯಿಂದ ಕೈಗೆ ಹೋಯ್ತು. ಬಂದವರು ತಮಗೆ ಬೇಕಾದ್ದು ಸೇರಿಸ್ತಾ ಹೋದ್ರು: ತೆರೆದ ಜಾಗಕ್ಕೆ ಗೋಡೆ, ಕೋಣೆಗೆ ಹೂವಿನ ವಾಲ್‌ಪೇಪರ್, ಚಾವಣಿ ಮೇಲೆ ಏಸಿ ಯಂತ್ರಗಳು. ನ್ಯೂಟ್ರಾ ಬರೆದ ಆ ತೆಳು ಗೆರೆ ಕಾಣದಂತಾಯ್ತು.

1990ರ ದಶಕದಲ್ಲಿ ಹ್ಯಾರಿಸ್ ದಂಪತಿ ಮನೆ ಕೊಂಡರು. ದುರಸ್ತಿ ಕೆಲಸ ಮಾರ್ಮೋಲ್ ರಾಡ್ಜಿನರ್ ಸಂಸ್ಥೆಗೆ ಸಿಕ್ಕಿತು. ಮೊದಲು ಏನಿತ್ತು ಅಂತ ತಿಳಿಯೋಕೆ ಅವರಿಗೆ ದಾರಿ ತೋರಿಸಿದ್ದು ನ್ಯೂಟ್ರಾ ಅವರ ಕಾಗದಪತ್ರ, ಜೊತೆಗೆ ಶುಲ್ಮನ್ ತೆಗೆದು ಎಲ್ಲೂ ಅಚ್ಚಾಗದೆ ಉಳಿದಿದ್ದ ಫೋಟೋಗಳು. ಸೇರಿಸಿದ್ದನ್ನ ಒಂದೊಂದಾಗಿ ಕಳಚಿದರು. ಬಣ್ಣ ಹೊಂದಬೇಕು ಅಂತ ಯೂಟಾದ ಕ್ವಾರಿಯಿಂದ ಕಲ್ಲು ತರಿಸಿದರು.

ಯೋಚನೆ ಮಾಡಿ, ಆ ಫೋಟೋಗಳು ಇಲ್ಲದೇ ಇದ್ದಿದ್ರೆ? ಎಲ್ಲಾ ಬರೀ ಊಹೆ.

ಅಜ್ಜಿ ಮನೇಲಿ ಟೈಲ್ಸ್ ಹಾಕ್ಸೋ ಮಾತು ನಡೀತಿದ್ಯಾ? ಕೆಲಸದವರು ಬರೋ ಮುಂಚೆ ನೆಲ, ಕಿಟಕಿ ಸರಳು, ಮೆಟ್ಟಿಲ ಅಂಚು, ಸ್ವಿಚ್ ಬೋರ್ಡ್ ಎಲ್ಲದರ ಫೋಟೋ ತೆಗೆದಿಡಿ. ಸೆಲ್ಫಿ ಆಮೇಲೆ.