ಎರಡು ನದಿಗಳ ನಡುವಿನ ಸಂಗಮ: ರಾಯಚೂರು ರೈಲು ನಿಲ್ದಾಣ

ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಿನ ಎಡೆದೊರೆ ನಾಡಿನಲ್ಲಿರುವ ರಾಯಚೂರು ರೈಲು ನಿಲ್ದಾಣವು ರಾಜ್ಯದ ಹಳೆಯ ನಿಲ್ದಾಣಗಳಲ್ಲಿ ಒಂದಾಗಿದೆ. ಮುಂಬಯಿ-ಚೆನ್ನೈ ಮುಖ್ಯ ಮಾರ್ಗ ಪೂರ್ಣಗೊಂಡದ್ದು ಇಲ್ಲಿಯೇ.

ಮುಂಬಯಿಯಿಂದ ಪುಣೆ, ಸೊಲ್ಲಾಪುರ, ಕಲಬುರಗಿ ಮೂಲಕ ಬಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ ಕೃಷ್ಣಾ ನದಿಯನ್ನು ದಾಟಬೇಕಿತ್ತು. ಅರಕ್ಕೋಣಂ, ಗುಂತಕಲ್ ಕಡೆಯಿಂದ ಬಂದ ಮದ್ರಾಸ್ ರೈಲ್ವೆ ತುಂಗಭದ್ರೆಯನ್ನು ದಾಟಬೇಕಿತ್ತು. ಈ ಎರಡು ಕಂಪನಿಗಳ ಹಳಿಗಳು 1871ರಲ್ಲಿ ರಾಯಚೂರಿನಲ್ಲಿ ಕೂಡಿಕೊಂಡವು. ಆಗ ನಗರವು ನಿಜಾಮರ ಸಂಸ್ಥಾನಕ್ಕೆ ಸೇರಿತ್ತು. ಸಂಸ್ಥಾನದ ರಾಜಧಾನಿ ಹೈದರಾಬಾದಿಗೆ ವಾಡಿಯಿಂದ ರೈಲು ಹೋದದ್ದು 1874ರಲ್ಲಿ. ಅಂದರೆ ರಾಜಧಾನಿಗಿಂತ ಮೊದಲೇ ಗಡಿಯ ಊರು ರೈಲು ಕಂಡಿತ್ತು. 1876-78ರ ಭೀಕರ ಬರಗಾಲದಲ್ಲಿ ಮದ್ರಾಸ್ ಪ್ರಾಂತ್ಯಕ್ಕೆ ಉತ್ತರದ ಧಾನ್ಯ ಸಾಗಿದ್ದು ಈ ದಾರಿಯಲ್ಲಿಯೇ.

ಕಂಪನಿಗಳ ಗಡಿ ಹೋದರೂ ಆಡಳಿತದ ಗೊಂದಲ ಹೋಗಲಿಲ್ಲ. 1956ರಲ್ಲಿ ರಾಯಚೂರು ಕನ್ನಡ ನಾಡಿಗೆ ಸೇರಿತು. ನಿಲ್ದಾಣದ ಆಡಳಿತ ಮಾತ್ರ ಹೊರಗೇ ಉಳಿಯಿತು. 1977ರಲ್ಲಿ ಗುಂತಕಲ್ ವಿಭಾಗವು ದಕ್ಷಿಣ ರೈಲ್ವೆಯಿಂದ, ಸಿಕಂದರಾಬಾದ್ ಕೇಂದ್ರವಾದ ದಕ್ಷಿಣ ಮಧ್ಯ ರೈಲ್ವೆಗೆ ಬಂದಿತು. 2003ರಲ್ಲಿ ಹುಬ್ಬಳ್ಳಿ ಕೇಂದ್ರವಾಗಿ ನೈರುತ್ಯ ರೈಲ್ವೆ ಆರಂಭವಾದಾಗಲೂ ರಾಯಚೂರು ಅದರ ವ್ಯಾಪ್ತಿಗೆ ಬರಲಿಲ್ಲ. ಮಲ್ಲಿಕಾರ್ಜುನ ಖರ್ಗೆ ಅವರು ರೈಲ್ವೆ ಸಚಿವರಾಗಿದ್ದ ಕಾಲದಲ್ಲಿ ಘೋಷಣೆಯಾದ ಕಲಬುರಗಿ ವಿಭಾಗ ಶಂಕುಸ್ಥಾಪನೆಯಿಂದ ಮುಂದೆ ಸಾಗಲಿಲ್ಲ. 2019ರಲ್ಲಿ ವಿಶಾಖಪಟ್ಟಣ ಕೇಂದ್ರವಾದ ಹೊಸ ವಲಯಕ್ಕೆ ಗುಂತಕಲ್ ವಿಭಾಗವನ್ನು ಸೇರಿಸುವ ಘೋಷಣೆ ಹೊರಬಿದ್ದಾಗ ಜಿಲ್ಲೆಯ ಹಳೆಯ ಪ್ರಶ್ನೆ ಮತ್ತೆ ಎದ್ದಿತು: ಕನ್ನಡ ಜಿಲ್ಲೆಯ ನಿಲ್ದಾಣದ ಬೇಡಿಕೆಗೆ ಇಷ್ಟು ದೂರದಲ್ಲಿ ಕಿವಿಗೊಡುವವರು ಯಾರು?

ಉದ್ಯಾನ್ ಎಕ್ಸ್‌ಪ್ರೆಸ್, ಕರ್ನಾಟಕ ಎಕ್ಸ್‌ಪ್ರೆಸ್, ಮೈಸೂರು-ಬಾಗಲಕೋಟೆ ಬಸವ ಎಕ್ಸ್‌ಪ್ರೆಸ್, ಹಾಸನ-ಸೊಲ್ಲಾಪುರ ಎಕ್ಸ್‌ಪ್ರೆಸ್‌ಗಳು ಈ ಮಾರ್ಗದ ಪ್ರಮುಖ ಗಾಡಿಗಳು. 2024ರ ಮಾರ್ಚ್‌ನಲ್ಲಿ ಆರಂಭವಾದ ಕಲಬುರಗಿ-ಬೆಂಗಳೂರು ವಂದೇ ಭಾರತ್‌ಗೂ ಇಲ್ಲಿ ನಿಲುಗಡೆ ನೀಡಲಾಯಿತು. ಅಮೃತ ಭಾರತ ನಿಲ್ದಾಣ ಯೋಜನೆಯ ಪಟ್ಟಿಯಲ್ಲಿಯೂ ರಾಯಚೂರಿಗೆ ಸ್ಥಾನ ದೊರೆತಿದೆ.

ಪ್ರಯಾಣಿಕರ ಕಣ್ಣಿಗೆ ಅಷ್ಟಾಗಿ ಬೀಳದ ಇನ್ನೊಂದು ಸಂಚಾರವೇ ರಾಜ್ಯಕ್ಕೆ ಹೆಚ್ಚು ಮುಖ್ಯವೆನ್ನಬಹುದು. ನಗರದ ಉತ್ತರಕ್ಕೆ, ಸೂಗೂರೇಶ್ವರ ದೇವಾಲಯವಿರುವ ದೇವಸುಗೂರಿಗೆ ಹೊಂದಿಕೊಂಡ ಶಕ್ತಿನಗರದಲ್ಲಿ ರಾಯಚೂರು ಶಾಖೋತ್ಪನ್ನ ವಿದ್ಯುತ್ ಕೇಂದ್ರವಿದೆ. ಇದರ ಮೊದಲ ಘಟಕ ಆರಂಭವಾದದ್ದು 1985ರಲ್ಲಿ. 8 ಘಟಕಗಳ ಸ್ಥಾಪಿತ ಸಾಮರ್ಥ್ಯ 1,720 ಮೆಗಾವಾಟ್. ನೀರು ಕೃಷ್ಣೆಯದು, ಕಲ್ಲಿದ್ದಲು ಸಿಂಗರೇಣಿ ಮೊದಲಾದ ದೂರದ ಗಣಿಗಳದು. ಆ ಕಲ್ಲಿದ್ದಲು ಬರುವುದು ರೈಲಿನಲ್ಲಿಯೇ. ಬೇಸಿಗೆಯಲ್ಲಿ ಕಲ್ಲಿದ್ದಲು ಗಾಡಿಗಳು ತಡವಾದರೆ ಅದರ ಬಿಸಿ ಬೆಂಗಳೂರಿಗೂ ತಟ್ಟುತ್ತದೆ. ಯರಮರಸ್‌ನ ತಲಾ 800 ಮೆಗಾವಾಟ್‌ನ ಎರಡು ಘಟಕಗಳು ಸೇರಿದ ಮೇಲೆ ಈ ಅವಲಂಬನೆ ಇನ್ನೂ ಹೆಚ್ಚಿದೆ.

ರಾಯಚೂರಿಗೆ ಮೂರನೆಯ ದಿಕ್ಕಿನ ಹಳಿ ಸಿಗಲು 142 ವರ್ಷ ಬೇಕಾಯಿತು. ಸುಮಾರು 60 ಕಿ.ಮೀ. ಉದ್ದದ ಗದ್ವಾಲ ಮಾರ್ಗ 2013ರಲ್ಲಿ ತೆರೆಯಿತು. 1997-98ರಲ್ಲಿ ಮಂಜೂರಾದ ಮುನಿರಾಬಾದ್-ಮೆಹಬೂಬನಗರ ಯೋಜನೆಯ ಪೂರ್ವ ಭಾಗ 2023ರ ಅಕ್ಟೋಬರ್‌ನಲ್ಲಿ ಕೃಷ್ಣಾ ನಿಲ್ದಾಣವನ್ನು ಕೂಡಿಕೊಂಡು, ರಾಯಚೂರಿನಿಂದ ಕಾಚಿಗುಡಕ್ಕೆ ಇನ್ನೊಂದು ದಾರಿ ದೊರೆಯಿತು. ಪಶ್ಚಿಮದಿಂದ ಬಂದ ಹಳಿ 2024ರ ಮಾರ್ಚ್‌ನಲ್ಲಿ ಸಿಂಧನೂರು ತಲುಪಿತು. ಸಿಂಧನೂರು-ರಾಯಚೂರು ನಡುವಿನ ತುಂಡು ಮಾನ್ವಿ ಮೂಲಕ ಹಾಯಬೇಕಾದದ್ದು. ಭತ್ತ ಬೆಳೆಯುವ ಮಾನ್ವಿಗೆ ಇದು ಸಣ್ಣ ಮಾತಲ್ಲ. ದೇವದುರ್ಗಕ್ಕಂತೂ ರೈಲುಮಾರ್ಗವೇ ಇಲ್ಲ. ಅಲ್ಲಿನವರು ರೈಲು ಹತ್ತಬೇಕಾದರೆ 50 ಕಿ.ಮೀ. ಆಸುಪಾಸಿನ ದಾರಿಯನ್ನು ಬಸ್ಸಿನಲ್ಲಿ ಕ್ರಮಿಸಿ ರಾಯಚೂರಿಗೇ ಬರಬೇಕು.