ಎಸ್ಪ್ರೆಸ್ಸೋಗೆ ಕಾಳುಮೆಣಸು: ಒಂದು ಕಲಬೆರಕೆಯ ಇತಿಹಾಸ

ಎಸ್ಪ್ರೆಸ್ಸೋಗೆ ಒಂದು ಚಿಟಿಕೆ ಕಾಳುಮೆಣಸಿನ ಪುಡಿ ಹಾಕಿ ಕುಡೀತೀನಿ ಅಂದರೆ ಸಾಕು, ಕಾಫಿ ವಿಷಯದಲ್ಲಿ ಮಡಿವಂತರಾದ ನನ್ನ ಗೆಳೆಯರು ಮುಖ ಹುಳ್ಳಗೆ ಮಾಡುತ್ತಾರೆ. ಅವರ ಲೆಕ್ಕದಲ್ಲಿ ಸಕ್ಕರೆಯೇ ಮೈಲಿಗೆ. ಚಿಕೋರಿ ಅಂದರಂತೂ ಸ್ನಾನ ಮಾಡಿ ಬರಬೇಕು! "ಇಟಲಿಯವರು ನೋಡಿದರೆ ಅತ್ತುಬಿಡ್ತಾರೆ ಕಣಯ್ಯಾ" ಅಂತ ಒಬ್ಬ ಅಂದ. ಹೌದಾ? ಇಟಲಿಯವರು ಅಷ್ಟೊಂದು ಶುದ್ಧವಾಗಿ ಕುಡಿದುಕೊಂಡು ಬಂದವರಾ? ಈ ಪ್ರಶ್ನೆ ತಲೆಗೆ ಹೊಕ್ಕ ಮೇಲೆ ಕಾಫಿಗೆ ಏನೇನು ಬೆರೆಸಿದರು, ಯಾಕೆ ಬೆರೆಸಿದರು ಅಂತ ಓದುತ್ತಾ ಹೋದೆ. ಅದರ ಫಲವೇ ಈ ಬರಹ.

ಮೊದಲು ಎಸ್ಪ್ರೆಸ್ಸೋದ ವಯಸ್ಸು ಎಷ್ಟು ನೋಡೋಣ. ಹಬೆಯಿಂದ ಕಾಫಿ ಇಳಿಸುವ ಯಂತ್ರಕ್ಕೆ ಟುರಿನ್ ನಗರದ ಆಂಜೆಲೊ ಮೊರಿಯೊಂಡೊ ಪೇಟೆಂಟ್ ಪಡೆದದ್ದು 1884ರಲ್ಲಿ. ಒಂದೊಂದು ಕಪ್ಪಿಗೆ ಬೇರೆ ಬೇರೆಯಾಗಿ ಇಳಿಸುವ ಯಂತ್ರಕ್ಕೆ ಮಿಲಾನಿನ ಲುಯಿಜಿ ಬೆಜ್ಜೆರಾ ಪೇಟೆಂಟ್ ಮಾಡಿಸಿದ್ದು 1901ರಲ್ಲಿ. ಇವೆಲ್ಲ ಹಬೆಯ ಬಲದಿಂದ ನಡೆಯುತ್ತಿದ್ದವು. ಒತ್ತಡ ಕಡಿಮೆ, ಹಬೆಯ ಬಿಸಿಗೆ ಪುಡಿ ಸೀದು ಕಹಿ ಬೇರೆ. ಇವತ್ತು ನಾವು ಎಸ್ಪ್ರೆಸ್ಸೋ ಅಂದರೆ ಕಣ್ಣ ಮುಂದೆ ತಂದುಕೊಳ್ಳುವ ಚಿನ್ನದ ಬಣ್ಣದ ನೊರೆ, ಅಂದರೆ ಕ್ರೇಮಾ, ಆಗ ಇರಲೇ ಇಲ್ಲ. ಅದು ಬಂದದ್ದು ಮಿಲಾನಿನ ಅಕಿಲ್ಲೆ ಗಾಜ್ಜಿಯಾನಿಂದ. ಅವನ ಮೊದಲ ಪೇಟೆಂಟ್ 1938ರದು. ಸ್ಪ್ರಿಂಗು, ಹಿಡಿಕೆ ಇರುವ ಯಂತ್ರ ಮಾರುಕಟ್ಟೆಗೆ ಬಂದದ್ದು ಯುದ್ಧ ಮುಗಿದ ಮೇಲೆ, 1948ರ ಹೊತ್ತಿಗೆ. ಹಿಡಿಕೆ ಎಳೆದು ಬಿಟ್ಟರೆ ಸ್ಪ್ರಿಂಗು ಬಿಸಿನೀರನ್ನು ಎಂಟೊಂಬತ್ತು ಪಟ್ಟು ವಾಯುಭಾರದಲ್ಲಿ ಪುಡಿಯ ಮೂಲಕ ನೂಕುತ್ತದೆ. ಆಗ ಎಣ್ಣೆಯಂಶ, ಅನಿಲ ಸೇರಿ ನೊರೆ ಏಳುತ್ತದೆ.

ಮಜಾ ಏನು ಗೊತ್ತಾ? ಮೊದಮೊದಲು ಗಿರಾಕಿಗಳಿಗೆ ಈ ನೊರೆಯ ಮೇಲೇ ಅನುಮಾನ. ಇದೇನಿದು ಕಾಫಿಯ ಮೇಲೆ ಕೊಳೆ ತೇಲಿದ ಹಾಗೆ? ಏನೋ ಬೆರೆಸಿದ್ದಾರೆ! ಕೊನೆಗೆ ಇದು ಕಾಫಿಯದೇ ಸಹಜವಾದ ಕೆನೆ ಅಂತ ಗಾಜ್ಜಿಯಾ ಪ್ರಚಾರ ಮಾಡಬೇಕಾಯಿತು. ಅಂದರೆ ಇವತ್ತು ಶುದ್ಧತೆಯ ಗುರುತು ಅಂತ ನಾವು ನೋಡುವ ವಸ್ತುವೇ ಒಂದು ಕಾಲಕ್ಕೆ ಕಲಬೆರಕೆ ಅನ್ನಿಸಿಕೊಂಡಿತ್ತು. ನನ್ನ ಗೆಳೆಯನಿಗೆ ಇದನ್ನು ಹೇಳಿದೆ, ಮಾತು ಬದಲಾಯಿಸಿದ :-)

ಇನ್ನು ಇಟಲಿಯವರು ಬೆರೆಸುವುದಿಲ್ಲವೇ? ಧಾರಾಳವಾಗಿ ಬೆರೆಸುತ್ತಾರೆ. ದ್ರಾಕ್ಷಿ ಸಿಪ್ಪೆಯ ಸಾರಾಯಿ ಗ್ರಾಪ್ಪಾವನ್ನು ಎಸ್ಪ್ರೆಸ್ಸೋಗೆ ಹನಿಸಿದರೆ ಅದು ಕಫೇ ಕೊರೆತ್ತೋ. ಕೊರೆತ್ತೋ ಅಂದರೆ "ತಿದ್ದಿದ್ದು" ಅಂತ. ಬರೀ ಕಾಫಿ ತಪ್ಪಾಗಿತ್ತು, ಸಾರಾಯಿ ಹಾಕಿ ಸರಿ ಮಾಡಿದೆವು ಅನ್ನುವ ಹಾಗಿದೆ ಹೆಸರು! ಟುರಿನ್‌ನಲ್ಲಿ ಬಿಸಿ ಚಾಕೊಲೇಟು, ಕಾಫಿ, ಕೆನೆ ಪದರ ಪದರವಾಗಿ ಗಾಜಿನ ಲೋಟದಲ್ಲಿ ಕೊಡುವ ಬಿಚೆರಿನ್ ಇದೆ. ಎಸ್ಪ್ರೆಸ್ಸೋ ಯಂತ್ರ ಹುಟ್ಟುವುದಕ್ಕಿಂತ ಹಳೆಯ ಪಾನೀಯ ಅದು. ತೆಂಕಣ ತುದಿಯ ಲೆಚ್ಚೆ ಕಡೆ ಹೋದರೆ ಐಸು ತುಂಬಿದ ಲೋಟಕ್ಕೆ ಎಸ್ಪ್ರೆಸ್ಸೋ ಸುರಿದು ಬಾದಾಮಿ ಹಾಲು ಬೆರೆಸುತ್ತಾರೆ.

ಇವೆಲ್ಲ ರುಚಿಗಾಗಿ ಬೆರೆಸಿದ್ದು. ಆದರೆ ಗತಿಯಿಲ್ಲದೆ ಬೆರೆಸಿದ ಇತಿಹಾಸವೂ ಇದೆ. 1935ರ ಅಕ್ಟೋಬರಿನಲ್ಲಿ ಮುಸೊಲಿನಿಯ ಸೇನೆ ಇಥಿಯೋಪಿಯಾದ ಮೇಲೆ ಬಿತ್ತು. ಮುಂದಿನ ತಿಂಗಳೇ ಲೀಗ್ ಆಫ್ ನೇಷನ್ಸ್ ಇಟಲಿಯ ಮೇಲೆ ದಿಗ್ಬಂಧನ ಹೇರಿತು. ವಿದೇಶಿ ಸಾಮಾನು ಬೇಡ, ಎಲ್ಲ ನಮ್ಮಲ್ಲೇ ಬೆಳೆಯೋಣ ಅನ್ನುವ ಸರ್ಕಾರಿ ಧೋರಣೆ ಜೋರಾಯಿತು. ಕಾಫಿ ಇಟಲಿಯಲ್ಲಿ ಬೆಳೆಯುವುದಿಲ್ಲವಲ್ಲ! ಹುರಿದ ಬಾರ್ಲಿ, ಚಿಕೋರಿ ಬೇರು ಕಪ್ಪಿಗೆ ಬಂದವು. ಕಾಫಿ ಗಿಡದ ತವರಾದ ಇಥಿಯೋಪಿಯಾವನ್ನು ಹಿಡಿಯಲು ಹೋದವರ ಮನೆಯಲ್ಲಿ ಬಾರ್ಲಿ ಕಷಾಯ. ಆಲ್ಫೊನ್ಸೊ ಬಿಯಾಲೆಟ್ಟಿ ಅಲ್ಯೂಮಿನಿಯಂನ ಮೋಕಾ ಪಾಟ್ ಹೊರತಂದದ್ದು ಇದಕ್ಕೆ ಎರಡು ವರ್ಷ ಮೊದಲು, 1933ರಲ್ಲಿ. ಅದು ನಿಜವಾಗಿ ಮನೆಮನೆ ತಲುಪಿದ್ದು ಯುದ್ಧ ಮುಗಿದು, ಕಾಫಿ ಮತ್ತೆ ಸಿಗತೊಡಗಿದ ಮೇಲೆಯೇ. ಹುರಿದ ಬಾರ್ಲಿಯ ಕಫೇ ದೋರ್ಜೋ ಮಾತ್ರ ಹೋಗಲಿಲ್ಲ. ಇವತ್ತಿಗೂ ಅಲ್ಲಿನ ಬಾರುಗಳಲ್ಲಿ ಸಿಗುತ್ತದೆ, ಜನ ಇಷ್ಟಪಟ್ಟೇ ಕುಡಿಯುತ್ತಾರೆ.

ಬರ ಬಂದಾಗ ಒಳಗೆ ಬಂದದ್ದು ಬರ ಹೋದ ಮೇಲೂ ಉಳಿದುಬಿಡುವುದು ಕಾಫಿಯ ಚರಿತ್ರೆಯಲ್ಲಿ ಮತ್ತೆ ಮತ್ತೆ ಕಾಣುತ್ತದೆ. ಚಿಕೋರಿಯದೇ ದೊಡ್ಡ ಉದಾಹರಣೆ. ಪ್ರಷ್ಯಾದ ದೊರೆ ಎರಡನೇ ಫ್ರೆಡರಿಕ್‌ಗೆ ಪ್ರಜೆಗಳು ಕಾಫಿ ಕುಡಿದು ದುಡ್ಡು ಪರದೇಶಕ್ಕೆ ಹೋಗುತ್ತಿದೆ ಅಂತ ಸಂಕಟ. ಬಿಯರ್ ಕುಡೀರಿ ಅಂತ 1777ರಲ್ಲಿ ಪ್ರಕಟಣೆ ಹೊರಡಿಸಿದ. 1781ರಲ್ಲಿ ಕಾಫಿ ಹುರಿಯುವ ಹಕ್ಕನ್ನೇ ಸರ್ಕಾರದ ಕೈಗೆ ತೆಗೆದುಕೊಂಡ. ಕದ್ದು ಹುರಿಯುವವರನ್ನು ಹಿಡಿಯಲು ಮಾಜಿ ಸೈನಿಕರನ್ನು ನೇಮಿಸಿದ. ಅವರ ಕೆಲಸ ಏನು? ಬೀದಿ ಬೀದಿ ಸುತ್ತುತ್ತಾ ಕಾಫಿ ಹುರಿದ ವಾಸನೆ ಎಲ್ಲಿಂದ ಬರುತ್ತಿದೆ ಅಂತ ಮೂಸುವುದು! ಬಡವರು ಚಿಕೋರಿ ಬೇರಿಗೆ ತಿರುಗಿದರು. ಆಮೇಲೆ ನೆಪೋಲಿಯನ್ 1806ರಲ್ಲಿ ಬ್ರಿಟನ್ನಿನ ವ್ಯಾಪಾರವನ್ನು ಯುರೋಪಿನಿಂದ ಹೊರಗಿಟ್ಟಾಗ ಫ್ರಾನ್ಸಿನಲ್ಲೂ ಅದೇ ಕಥೆ. ಅಮೆರಿಕದ ಅಂತರ್ಯುದ್ಧದಲ್ಲಿ ಬಂದರುಗಳನ್ನು ನೌಕಾಪಡೆ ಮುಚ್ಚಿದಾಗ ನ್ಯೂ ಆರ್ಲಿಯನ್ಸ್‌ನವರು ಕೈಹಾಕಿದ್ದೂ ಇದೇ ಬೇರಿಗೆ. ಇವತ್ತು ಆ ಊರಿನವರು ಚಿಕೋರಿ ಕಾಫಿಯನ್ನು ಹೆಮ್ಮೆಯಿಂದ ತಮ್ಮದು ಅನ್ನುತ್ತಾರೆ.

ಇಷ್ಟಕ್ಕೇ ನಿಲ್ಲಿಸಿದರೆ ಕಥೆ ಬಹಳ ಸಿಹಿಯಾಗಿಬಿಡುತ್ತದೆ. ಕಹಿ ಭಾಗ ಇಂಗ್ಲೆಂಡಿನದು, ನನಗೆ ಮುಖ್ಯ ಅನ್ನಿಸಿದ್ದೂ ಅದೇ. ಅಲ್ಲಿ ಬೆರೆಸಿದ್ದು ಬರದಿಂದಲ್ಲ, ಲಾಭಕ್ಕೆ. ಚಿಕೋರಿ ಅಗ್ಗ, ಕಾಫಿ ದುಬಾರಿ. ಬೆರೆಸಿ ಕಾಫಿ ಬೆಲೆಗೆ ಮಾರಿದರೆ? ಬೆರೆಸಿದ್ದನ್ನು ರಸಾಯನಶಾಸ್ತ್ರದಿಂದಾಗಲೀ ಬೇರೆ ಉಪಾಯದಿಂದಾಗಲೀ ಪತ್ತೆ ಮಾಡಲಾಗದು ಅಂತ ಸರ್ಕಾರ 1850ರಲ್ಲಿ ಪಾರ್ಲಿಮೆಂಟಿನಲ್ಲೇ ಕೈಚೆಲ್ಲಿತ್ತು. ಲಂಡನ್ನಿನ ವೈದ್ಯ ಆರ್ಥರ್ ಹಿಲ್ ಹಸ್ಸಾಲ್ ಅಂಗಡಿಗಳಿಂದ ಪುಡಿ ಕೊಂಡು ತಂದು ಸೂಕ್ಷ್ಮದರ್ಶಕದ ಕೆಳಗಿಟ್ಟ. ಕಾಫಿ ಬೀಜದ ಜೀವಕೋಶಗಳೇ ಬೇರೆ, ಚಿಕೋರಿ ಬೇರಿನ ಕೋಶಗಳೇ ಬೇರೆ. ಹುರಿದು ಪುಡಿ ಮಾಡಿದರೂ ಗುರುತು ಹೋಗುವುದಿಲ್ಲ! ಅವನು ನೋಡಿದ 34 ಮಾದರಿಗಳಲ್ಲಿ ಶುದ್ಧವಾಗಿದ್ದದ್ದು ಮೂರೇ ಮೂರು. ಉಳಿದ 31ರಲ್ಲಿ ಚಿಕೋರಿ, ಕೆಲವದರಲ್ಲಿ ಹುರಿದ ಧಾನ್ಯ. ಸಾಲದ್ದಕ್ಕೆ ಆ ಚಿಕೋರಿಗೇ ಕ್ಯಾರೆಟ್ಟು ಅದೂ ಇದೂ ಬೆರೆಸುತ್ತಿದ್ದರು. ಕಲಬೆರಕೆಗೇ ಕಲಬೆರಕೆ. ಲ್ಯಾನ್ಸೆಟ್ ಪತ್ರಿಕೆ ಅವನ ವರದಿಗಳನ್ನು ಅಂಗಡಿಯವರ ಹೆಸರು, ವಿಳಾಸದ ಸಮೇತ ಅಚ್ಚು ಹಾಕಿತು. 1860ರಲ್ಲಿ ಬ್ರಿಟನ್ನಿನಲ್ಲಿ ಆಹಾರ ಕಲಬೆರಕೆ ವಿರುದ್ಧ ಕಾಯಿದೆ ಬಂತು. ಹಸ್ಸಾಲನ ಸಿಟ್ಟು ಇದ್ದದ್ದು ಚಿಕೋರಿಯ ರುಚಿಯ ಮೇಲಲ್ಲ. ಕೂಲಿಯವನೊಬ್ಬ ಕಾಫಿಗೆ ಅಂತ ಕೊಟ್ಟ ಕಾಸಿಗೆ ಬೇರಿನ ಪುಡಿ ಸಿಗುತ್ತಿತ್ತಲ್ಲ, ಅದರ ಮೇಲೆ. ನಾನೂ ಈ ವಿಷಯದಲ್ಲಿ ಹಸ್ಸಾಲನ ಪಕ್ಷ. ಏನು ಬೇಕಾದರೂ ಬೆರೆಸಿ, ಕುಡಿಯುವವನಿಗೆ ಗೊತ್ತಿರಬೇಕು.

ನಮ್ಮಲ್ಲಿ ಈಗ ನಿಯಮ ಏನು ಅಂತ ಗೊತ್ತಲ್ಲ. ಕಾಫಿ–ಚಿಕೋರಿ ಮಿಶ್ರಣದಲ್ಲಿ ಕಾಫಿ ಶೇಕಡಾ 51ಕ್ಕಿಂತ ಕಡಿಮೆ ಇರುವಂತಿಲ್ಲ, ಎಷ್ಟಕ್ಕೆಷ್ಟು ಅಂತ ಪೊಟ್ಟಣದ ಮೇಲೆ ಬರೆಯಬೇಕು. ಮುಂದಿನ ಸಲ ಪೊಟ್ಟಣ ತಿರುಗಿಸಿ ನೋಡಿ. ಪುಡಿ ಅಂಗಡಿಯಲ್ಲಿ ಕಣ್ಣೆದುರೇ "ಎಂಬತ್ತು ಇಪ್ಪತ್ತು ಮಾಡಿ" ಅಂತ ಹೇಳಿ ಬೆರೆಸಿಸಿಕೊಳ್ಳುತ್ತೇವಲ್ಲ, ಅದು ನನಗೆ ಬಹಳ ಮರ್ಯಾದೆಯ ಪದ್ಧತಿ ಅನ್ನಿಸುತ್ತದೆ. ಡಿಕಾಕ್ಷನ್ ಗಟ್ಟಿ ಬರಲಿ, ಬಣ್ಣ ಬರಲಿ ಅಂತ ಕೇಳಿಯೇ ಹಾಕಿಸಿಕೊಳ್ಳುವುದು. ಅಲ್ಲಿ ಮೋಸ ಎಲ್ಲಿದೆ?

ಯುರೋಪಿಗಿಂತ ಹಿಂದಕ್ಕೆ ಹೋದರೆ ಮಡಿವಂತರಿಗೆ ಇನ್ನೂ ಕಷ್ಟ. ಯೆಮನ್‌ನಲ್ಲಿ ಕಾಫಿ ಹಣ್ಣಿನ ಒಣಸಿಪ್ಪೆಯನ್ನು ಶುಂಠಿ ಹಾಕಿ ಕುದಿಸುವ ಕಿಶ್ರ್ ಇದೆ. ಇಥಿಯೋಪಿಯಾದ ಕೆಲವು ಕಡೆ ಕಾಫಿಗೆ ಉಪ್ಪು, ಬೆಣ್ಣೆ. ಅರಬರ ಕಾಫಿಗೆ ಏಲಕ್ಕಿ ಇಲ್ಲದಿದ್ದರೆ ಆಗುವುದಿಲ್ಲ. ಆ ಏಲಕ್ಕಿಯ ತವರು ನಮ್ಮ ಪಶ್ಚಿಮ ಘಟ್ಟ. ಬಾಬಾಬುಡನ್ ಏಳು ಬೀಜ ತಂದ ಕಥೆ ಎಲ್ಲರಿಗೂ ಗೊತ್ತು, ಘಟ್ಟದ ಏಲಕ್ಕಿ ಅತ್ತ ಹೋಗಿ ಅವರ ಕಾಫಿ ಪಾತ್ರೆಗೆ ಬಿದ್ದ ಕಥೆಯನ್ನು ಯಾರೂ ಹೇಳುವುದಿಲ್ಲ ನೋಡಿ. (ಈಗ ಆ ಮಾರುಕಟ್ಟೆ ಬಹುಪಾಲು ಗ್ವಾಟೆಮಾಲಾದವರ ಕೈಯಲ್ಲಿದೆ. ಏಲಕ್ಕಿ ಅಲ್ಲಿಗೆ ಕಾಲಿಟ್ಟದ್ದು ಇಪ್ಪತ್ತನೇ ಶತಮಾನದಲ್ಲಷ್ಟೇ.) ಸೆನೆಗಲ್ ದೇಶದ ಕಫೇ ತೂಬಾದಲ್ಲಿ ಆಫ್ರಿಕಾದ ಒಂದು ಬಗೆಯ ಮೆಣಸನ್ನು ಕಾಫಿ ಬೀಜದ ಜೊತೆ ಕುಟ್ಟಿ ಹಾಕುತ್ತಾರೆ. ಅಲ್ಲಿಗೆ ನನ್ನ ಕಾಳುಮೆಣಸಿಗೂ ಒಬ್ಬ ಅಣ್ಣ ಸಿಕ್ಕ ಹಾಗಾಯಿತು.

ಇನ್ನು ನನ್ನ ಅಡುಗೆಮನೆಯ ಪ್ರಯೋಗಗಳು. ನನ್ನದು ಮೋಕಾ ಪಾಟ್. ಅದರ ಒತ್ತಡ ಒಂದೆರಡು ವಾಯುಭಾರಕ್ಕಿಂತ ಹೆಚ್ಚಿಲ್ಲ, ಆದ್ದರಿಂದ ಲೆಕ್ಕಕ್ಕೆ ಇದು ಎಸ್ಪ್ರೆಸ್ಸೋ ಅಲ್ಲ, ಬೆಜ್ಜೆರಾ ಕಾಲದ ಹಬೆ ಕಾಫಿಗೆ ಹತ್ತಿರ. ಗಟ್ಟಿ ಇರುತ್ತದೆ, ಅಷ್ಟು ಸಾಕು. ಏಲಕ್ಕಿಯನ್ನು ಸಿಪ್ಪೆ ತೆಗೆದು, ಕಾಳನ್ನು ತರಿತರಿಯಾಗಿ ಕುಟ್ಟಿ ಕಾಫಿ ಪುಡಿಯ ಜೊತೆ ಬೆರೆಸುತ್ತೇನೆ. ಎರಡು ಕಪ್ಪಿಗೆ ಒಂದು ಏಲಕ್ಕಿ, ಹೆಚ್ಚಾದರೆ ಪಾಯಸದ ವಾಸನೆ. ಮಸಾಲೆ ಯಾವುದೇ ಇರಲಿ, ನುಣ್ಣಗೆ ಪುಡಿ ಮಾಡಿ ಜರಡಿಯೊಳಗೆ ತುರುಕಬೇಡಿ. ತೂತು ಕಟ್ಟಿಕೊಂಡರೆ ಒಳಗೆ ಒತ್ತಡ ಏರುತ್ತದೆ, ಅಪಾಯ. ಕಾಳುಮೆಣಸನ್ನು ನಾನು ಇಳಿದ ಕಾಫಿಗೇ ಹಾಕುವುದು, ಒಂದು ಚೂರು ಬೆಲ್ಲದ ಜೊತೆ. ಕೊಡಗಿನವರಿಗೆ ಬೆಲ್ಲದ ಕಾಫಿ ಹೊಸದಲ್ಲ. ಮೆಣಸಿನ ಖಾರ ಗಂಟಲಲ್ಲಿ ನಿಧಾನವಾಗಿ ಏಳುತ್ತದೆ, ಮಳೆ ಹಿಡಿದ ಸಂಜೆಗೆ ಬಹಳ ಒಳ್ಳೆಯದು.

ಎಲ್ಲರೂ ಬೆಚ್ಚುವುದು ಉಪ್ಪಿಗೆ. ಆದರೆ ಅದಕ್ಕೆ ವಿಜ್ಞಾನದ ಬೆಂಬಲವಿದೆ. ಉಪ್ಪು ಕಹಿಯನ್ನು ಅಡಗಿಸಿ ಉಳಿದ ರುಚಿಗಳನ್ನು ಮೇಲೆತ್ತುತ್ತದೆ ಅಂತ ಬ್ರೆಸ್ಲಿನ್ ಮತ್ತು ಬೋಶಾಂಪ್ ಎಂಬಿಬ್ಬರು 1997ರಲ್ಲಿ ನೇಚರ್ ಪತ್ರಿಕೆಯಲ್ಲಿ ಬರೆದಿದ್ದಾರೆ. ನಾಲ್ಕೈದು ಹರಳು ಸಾಕು, ಉಪ್ಪಿನ ರುಚಿ ನಾಲಿಗೆಗೆ ತಿಳಿಯಲೇಬಾರದು. ಸ್ವಲ್ಪ ಹೆಚ್ಚು ಹುರಿದ ರೊಬಸ್ಟಾಗೆ ಇದು ಚೆನ್ನಾಗಿ ಒಗ್ಗುತ್ತದೆ. ಜೀರಿಗೆ ಮಾತ್ರ ಬೇಡವೇ ಬೇಡ, ಕಾಫಿ ಹೋಗಿ ಸಾರು ಉಳಿಯುತ್ತದೆ.

ಅಂದ ಹಾಗೆ, ಇಟಲಿಯವರು ಅಳುತ್ತಾರೆ ಅಂದ ಗೆಳೆಯನಿಗೆ ಇನ್ನೊಂದು ವಿಷಯ ಹೇಳುವುದಿದೆ. ಭಾರತದ ಕಾಫಿಯನ್ನು ಬಹುಕಾಲದಿಂದ ಎಲ್ಲರಿಗಿಂತ ಹೆಚ್ಚು ಕೊಳ್ಳುತ್ತಾ ಬಂದವರು ಇಟಲಿಯವರೇ, ದೇಶದ ಬೆಳೆಯಲ್ಲಿ ಸುಮಾರು ಶೇಕಡಾ 70 ಕರ್ನಾಟಕದ್ದು. ಅವರ ಎಸ್ಪ್ರೆಸ್ಸೋದ ಮೇಲೆ ಆ ದಪ್ಪ ಕ್ರೇಮಾ ನಿಲ್ಲಲು ರೊಬಸ್ಟಾ ಬೆರೆಸುತ್ತಾರೆ. ಆ ರೊಬಸ್ಟಾದಲ್ಲಿ ಕೊಡಗಿನದೂ ಇರುತ್ತದೆ. ಕೊಡಗಿನ ಅದೇ ತೋಟಗಳಲ್ಲಿ ನೆರಳಿನ ಮರಗಳಿಗೆ ಮೆಣಸಿನ ಬಳ್ಳಿ ಹಬ್ಬಿರುತ್ತದೆ, ಕಾಫಿ ಗಿಡಗಳ ನಡುವೆ ಕಿತ್ತಳೆ ಬೆಳೆಯುತ್ತಾರೆ. ಮುಂದಿನ ವಾರ ಕಿತ್ತಳೆ ಸಿಪ್ಪೆಯ ಸರದಿ.