ನಕಲು ಕಡತಕ್ಕೆ ಒಡೆಯರಾರು?

ಬೇರೆಡೆಯಿಂದ ನಕಲು ಮಾಡಿಕೊಂಡ ಕಂಪ್ಯೂಟರ್ ಕಡತವನ್ನು ತೆರೆಯಬಹುದು, ಓದಬಹುದು. ತಿದ್ದಿ ಉಳಿಸಲು ಹೊರಟರೆ ಮಾತ್ರ ಕೆಲವೊಮ್ಮೆ ‘ಅನುಮತಿ ಇಲ್ಲ’ ಎಂಬ ಉತ್ತರ. ಪ್ರತಿ ನಮ್ಮದೇ ಆಗಿರುವಾಗ ಈ ಅಡ್ಡಿ ಏಕೆ?

ಒಂದೇ ಯಂತ್ರವನ್ನು ಹಲವರು ಹಂಚಿಕೊಂಡ ಕಾಲದಲ್ಲಿ ಇದರ ಬೇರು ಇದೆ. ಅಮೆರಿಕದ ಎಂ.ಐ.ಟಿ.ಯಲ್ಲಿ ಫರ್ನಾಂಡೊ ಕೊರ್ಬಾಟೊ ಮತ್ತು ಸಂಗಡಿಗರು 1961ರಲ್ಲಿ ಸಿ.ಟಿ.ಎಸ್.ಎಸ್. ಎಂಬ ಅಂಥ ವ್ಯವಸ್ಥೆಯನ್ನು ಪ್ರದರ್ಶಿಸಿದರು. ಅಲ್ಲಿ ಕಡತ ತಿದ್ದುವ ಸಾಧನ, ತಾತ್ಕಾಲಿಕ ಪ್ರತಿಯನ್ನು ಯಾವಾಗಲೂ ಒಂದೇ ಹೆಸರಿನಲ್ಲಿ ಇಡುತ್ತಿತ್ತು. 1966ರಲ್ಲಿ ಒಮ್ಮೆ ನಿರ್ವಾಹಕರಲ್ಲಿ ಒಬ್ಬರು ದಿನದ ಸೂಚನೆಯನ್ನೂ ಇನ್ನೊಬ್ಬರು ಪಾಸ್‌ವರ್ಡ್ ಪಟ್ಟಿಯನ್ನೂ ಏಕಕಾಲಕ್ಕೆ ತಿದ್ದತೊಡಗಿದರು. ಪ್ರತಿಗಳು ಅದಲುಬದಲಾದವು, ಒಳಬಂದವರಿಗೆಲ್ಲ ಸೂಚನೆಯ ಬದಲು ಎಲ್ಲರ ಪಾಸ್‌ವರ್ಡ್‌ಗಳೇ ಅಚ್ಚಾಗಿ ಸಿಕ್ಕವು! ಬರಿಯ ನಕಲು ಎಷ್ಟು ಅಪಾಯಕಾರಿ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು.

ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ 1969ರಲ್ಲಿ ಆರಂಭಿಸಿದ ಯುನಿಕ್ಸ್, ಪ್ರತಿ ಕಡತಕ್ಕೂ ಒಬ್ಬ ಒಡೆಯನನ್ನು ಗೊತ್ತುಮಾಡಿತು. 1971ರ ಮೊದಲ ಕೈಪಿಡಿಯಲ್ಲಿ ಒಡೆಯ ಮತ್ತು ಉಳಿದವರು ಎಂಬ ಎರಡೇ ವರ್ಗ. ನಡುವೆ ‘ಗುಂಪು’ ಸೇರಿದ್ದು ಆಮೇಲೆ. ಓದಲು 4, ಬರೆಯಲು 2, ನಡೆಸಲು 1 ಎಂಬ ಅಂಕಗಳು. 644 ಎಂದರೆ ಒಡೆಯ ಓದಬಹುದು, ಬರೆಯಬಹುದು, ಉಳಿದವರು ಓದಬಹುದಷ್ಟೆ.

ತೊಡಕು ಹುಟ್ಟುವುದು ಇಲ್ಲೇ. ನಕಲಿನ ಒಡೆತನ ನಕಲು ಮಾಡಿದವನದು. ಆದರೆ ಮೂಲದ ಅಂಕಗಳು ಸಾಮಾನ್ಯವಾಗಿ ಪ್ರತಿಗೂ ಇಳಿದುಬರುತ್ತವೆ. ಮೂಲ 444 ಆಗಿದ್ದರೆ ನಕಲೂ ಓದಲಿಕ್ಕೆ ಮಾತ್ರ. ಒಡೆಯನೇ ‘ಸಿಎಚ್‌ಮಾಡ್’ ಆಜ್ಞೆಯಿಂದ ಅದನ್ನು 644 ಮಾಡಿಕೊಂಡರೆ ಸಾಕು. ಯಂತ್ರದ ಸರ್ವಾಧಿಕಾರಿಯಾದ ‘ರೂಟ್’ ಹೆಸರಿನಲ್ಲಿ ನಕಲು ಮಾಡಿದ್ದರೆ ಒಡೆತನವೂ ಅವನದೇ. ಆಗ ‘ಸಿಎಚ್‌ಓನ್’ ಆಜ್ಞೆಯಿಂದ ಒಡೆಯನನ್ನೇ ಬದಲಿಸಬೇಕು. ಬೇಸತ್ತು ಎಲ್ಲಕ್ಕೂ 777 ಕೊಡುವವರುಂಟು. ಬೀಗ ತೆರೆಯಲಿಲ್ಲವೆಂದು ಬಾಗಿಲನ್ನೇ ಕಿತ್ತಿಟ್ಟ ಹಾಗೆ!

ಒಬ್ಬರೇ ಬಳಸುವ ಡಾಸ್ ಯಂತ್ರಗಳಲ್ಲಿ ಒಡೆತನದ ಗೊಡವೆ ಇರಲಿಲ್ಲ; ‘ಓದಲು ಮಾತ್ರ’ ಎಂಬ ಗುರುತೊಂದಿತ್ತು. 1990ರ ದಶಕದ ವಿಂಡೋಸ್‌ನಲ್ಲಿ ಸಿ.ಡಿ.ಯಿಂದ ಇಳಿಸಿಕೊಂಡ ಕಡತಗಳಿಗೆ ಈ ಗುರುತು ಅಂಟಿಕೊಂಡೇ ಬರುತ್ತಿತ್ತು. ತಿದ್ದುವ ಮೊದಲು ‘ಅಟ್ರಿಬ್’ ಆಜ್ಞೆಯಿಂದ ಅದನ್ನು ತೆಗೆಯಬೇಕಾಗುತ್ತಿತ್ತು.

ಯುನಿಕ್ಸ್‌ನಲ್ಲಿ ಇನ್ನೊಂದು ವಿಚಿತ್ರವಿದೆ. ಕಡತವನ್ನು ಅಳಿಸುವ ಹಕ್ಕು ಕಡತದಲ್ಲಿಲ್ಲ, ಅದಿರುವ ಕೋಶದಲ್ಲಿದೆ. ಹೀಗಾಗಿ ಒಂದಕ್ಷರ ತಿದ್ದಲು ಬಿಡದ ಕಡತವನ್ನೇ ಪೂರ್ತಿ ಅಳಿಸಿಬಿಡಬಹುದು. ಅದಕ್ಕೆ ಮುನ್ನ ಯಂತ್ರ ‘ಅಳಿಸಲೇ?’ ಎಂದು ಒಮ್ಮೆ ಕೇಳುತ್ತದೆ, ಅಷ್ಟೆ.